ಎದೆ ಎಂದರೆ ಯಾವ ಎದೆ?

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ವೇದಿಕೆಯಿಂದ ತಾವು ಸಾಮಾನ್ಯವಾಗಿ ಕೇಳುವುದು ಗಡಿಯ ಪ್ರಶ್ನೆ, ಕನ್ನಡ ಶಾಲೆಗಳ ಸ್ಥಿತಿಗತಿ, ಸಾಹಿತ್ಯ, ಯಕ್ಷಗಾನ. ನಾನು ಕ್ಷ-ಕಿರಣ ವಿಭಾಗದಲ್ಲಿ ಆಯುಷ್ಯ ಕಳೆದವಳು; ಕತ್ತಲೆ ಕೋಣೆಯಲ್ಲಿ ಕುಳಿತು ಫಿಲ್ಮು ನೋಡುವುದು ನನ್ನ ಕಸುಬು. ಸಂಚಾಲಕಿಯವರು ‘ಮಹಿಳೆ ಮತ್ತು ಆರೋಗ್ಯ’ ಎಂಬ ವಿಷಯವನ್ನಷ್ಟೇ ಸೂಚಿಸಿದ್ದರು. ಅದರೊಳಗಿನಿಂದ ಉರಿಯೂತದ ಸ್ತನ ಕ್ಯಾನ್ಸರ್ ಎಂಬ ವಿರಳವಾದ ಒಂದು ಕಾಯಿಲೆಯನ್ನು, ಅದನ್ನು ಪತ್ತೆಹಚ್ಚುವಲ್ಲಿ ನಮ್ಮ ಯಂತ್ರಗಳು ಮಾಡುವ ಮತ್ತು ಮಾಡಲಾರದ ಕೆಲಸವನ್ನು ಆರಿಸಿಕೊಂಡವಳು ನಾನೇ. ಇದು ವೈದ್ಯಕೀಯ ವಿಷಯವಾದರೂ ಹೊರನಾಡಿನಲ್ಲಿರುವ ನಮ್ಮ ಮಟ್ಟಿಗೆ ಅಷ್ಟೇ ಭಾಷೆಯ ವಿಷಯವೂ ಹೌದು. ಏಕೆಂಬುದನ್ನು ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ. ಅದರಲ್ಲಿ ತಪ್ಪು ಮಾಡಿದವರ ಪೈಕಿ ನಾನೂ ಒಬ್ಬಳು.

1998ರ ಮಾತು. ಆಗ ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಸೋನೋಗ್ರಫಿ ನೋಡುತ್ತಿದ್ದೆ. ಕುಂದಾಪುರದ ಕಡೆಯ, ಐವತ್ತು ದಾಟಿದ ಒಬ್ಬ ತಾಯಿಯನ್ನು ಆಕೆಯ ಮಗ ಕರೆತಂದಿದ್ದ. ಉಪನಗರದ ಒಂದು ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗ. ಆಕೆಯ ಬಲ ಸ್ತನ ಊದಿಕೊಂಡು, ಬಿಸಿಯಾಗಿ, ಉರಿಯುತ್ತಿತ್ತು. ಮಗನ ಬಳಿ ಹೇಳಬೇಕು. ಆದರೆ ಬೆಳೆದ ಮಗನ ಮುಂದೆ ಯಾವ ತಾಯಿ ಆ ಅಂಗದ ಹೆಸರೆತ್ತುತ್ತಾಳೆ? “ಎದೆ ಉರೀತದೆ ಮಗಾ” ಎಂದಳು. ಮಗ ವೈದ್ಯರ ಮುಂದೆ ನಿಂತು ಅದನ್ನು ಪ್ರಾಮಾಣಿಕವಾಗಿ ಹಿಂದಿಗೆ ತಿರುಗಿಸಿದ: “ಛಾತೀ ಮೇ ಜಲನ್ ಹೈ.” ವೈದ್ಯರು ಆಮ್ಲಪಿತ್ತಕ್ಕೆ ಮಾತ್ರೆ ಬರೆದರು. ಉರಿ ಇಳಿಯದಿದ್ದಾಗ ವಯಸ್ಸನ್ನು ನೋಡಿ ಹೃದಯದ ಇ.ಸಿ.ಜಿ. ಮಾಡಿಸಿದರು, ಎದೆಯ ಎಕ್ಸ್-ರೇ ತೆಗೆಸಿದರು. ಎರಡೂ ಸರಿಯಾಗಿದ್ದವು.

ಇಲ್ಲಿ ಯಾರನ್ನು ದೂರುವುದು? ಕನ್ನಡದ ‘ಎದೆ’ ಒಂದೇ ಪದದಲ್ಲಿ ಹೃದಯವನ್ನೂ, ಪಕ್ಕೆಲುಬಿನ ಗೂಡನ್ನೂ, ಸ್ತನವನ್ನೂ, ಸಾಲದೆಂಬಂತೆ ಧೈರ್ಯವನ್ನೂ ಹೊತ್ತುಕೊಂಡಿದೆ. ಹಿಂದಿ, ಮರಾಠಿಗಳ ‘ಛಾತೀ’ ಕೂಡ ಹಾಗೆಯೇ. ಕವಿಗಳಿಗೆ ಇದು ವರವಾಗಿದ್ದೀತು, ರೋಗಿಗೆ ಅಲ್ಲ. ಊರಿನಲ್ಲಾಗಿದ್ದರೆ ಆಕೆ ಸೆರಗು ಸರಿಸಿ ನೆರೆಮನೆಯ ಅಜ್ಜಿಗೆ ತೋರಿಸುತ್ತಿದ್ದಳೇನೋ. ಇಲ್ಲಿ ಒಂದೇ ಕೋಣೆಯ ಮನೆ, ಇಬ್ಬರು ಗಂಡಸರು, ತಿಳಿಯದ ಭಾಷೆ.

ಕೊನೆಗೆ ಮಗನ ಸಹೋದ್ಯೋಗಿಯೊಬ್ಬನ ಹೆಂಡತಿಯ ಕಣ್ಣಿಗೆ ಅದು ಬಿತ್ತು. ಮೊದಲು ಸರ್ಪಸುತ್ತು ಇರಬಹುದೆಂದು ಕೊಂಡರು. ಬಳಿಕ ಶಸ್ತ್ರವೈದ್ಯರೊಬ್ಬರು ಬಾವು ಎಂದು ತಿಳಿದು ಜೀವಿರೋಧಕ ಔಷಧಿ ಕೊಟ್ಟರು. ಒಂದು ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಅನಂತರ ನನ್ನ ಬಳಿಗೆ ಒಂದು ಚೀಟಿ ಬಂತು: ‘ಕೀವು ಕಟ್ಟಿದೆಯೇ?’

ಆ ದಿನ ಹೊರಗೆ ನಲವತ್ತು ಜನ ಕಾದಿದ್ದರು. ನಾನು ಪರೀಕ್ಷಿಸಿದೆ. ಕೀವು ಇರಲಿಲ್ಲ. ಚರ್ಮ ದಪ್ಪವಾಗಿತ್ತು, ಅದರಡಿಯ ಕೊಬ್ಬು ನೀರುಂಡಂತೆ ಮಂಜಾಗಿ ಕಾಣುತ್ತಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬರೆದೆ: ಕೀವಿನ ಶೇಖರಣೆ ಇಲ್ಲ, ಉರಿಯೂತಕ್ಕೆ ಹೊಂದುವ ಬದಲಾವಣೆಗಳಿವೆ. ಕಂಕುಳಿಗೆ ಯಂತ್ರದ ಹಿಡಿಯನ್ನು ಒಯ್ಯಲಿಲ್ಲ. ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಆಕೆ ಸೆರಗಿನಿಂದ ಅಂಟು ಒರೆಸಿಕೊಳ್ಳುತ್ತ, ನಾನು ಕನ್ನಡದವಳೆಂದು ತಿಳಿದ ಸಂತೋಷದಲ್ಲಿ, “ಜ್ವರ ಒಂದು ದಿನವೂ ಬರ್ಲಿಲ್ಲ ಡಾಕ್ಟ್ರಮ್ಮ” ಎಂದಳು. ನಾನು “ಒಳ್ಳೆಯದೇ ಆಯಿತಲ್ಲ ಅಮ್ಮ” ಎಂದು ಮುಂದಿನವರನ್ನು ಕರೆದೆ.

ಜ್ವರವಿಲ್ಲದ ಬಾವು, ಮೊಲೆಯೂಡಿಸುವ ವಯಸ್ಸು ದಾಟಿದ ಹೆಂಗಸು, ಎರಡು ಸುತ್ತು ಔಷಧಿಗೂ ಜಗ್ಗದ ಊತ. ರೋಗದ ಹೆಸರನ್ನು ಬಿಟ್ಟು ಬೇರೆಲ್ಲವನ್ನೂ ಆಕೆ ನನ್ನ ತಾಯ್ನುಡಿಯಲ್ಲಿಯೇ ಹೇಳಿದ್ದಳು. ಆರು ವಾರಗಳ ಅನಂತರ ಆಕೆ ಮರಳಿ ಬಂದಾಗ ಸ್ತನ ಹಲಗೆಯಂತೆ ಗಟ್ಟಿಯಾಗಿ, ತೊಟ್ಟು ಒಳಗೆ ಸೆಳೆದುಕೊಂಡಿತ್ತು. ಕಂಕುಳಲ್ಲಿ ಗ್ರಂಥಿಗಳು ಕೈಗೆ ಸಿಗುತ್ತಿದ್ದವು. ಸೂಜಿ ಹಾಕಿ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಇತ್ತು.

ಈಗ ಕಾಯಿಲೆಯ ವಿಚಾರ. 1814ರಲ್ಲಿಯೇ ಚಾರ್ಲ್ಸ್ ಬೆಲ್ ಎಂಬ ವೈದ್ಯ ನೋವು ಮತ್ತು ನೇರಳೆ ಬಣ್ಣಕ್ಕೆ ತಿರುಗಿದ ಚರ್ಮವುಳ್ಳ ಸ್ತನದ ಗಡ್ಡೆಯನ್ನು ಬಹಳ ಕೆಟ್ಟ ಲಕ್ಷಣವೆಂದು ಗುರುತಿಸಿದ್ದ. ‘ಉರಿಯೂತದ’ ಎಂಬ ವಿಶೇಷಣ ಅಂಟಿದ್ದು 1924ರಲ್ಲಿ, ಲೀ ಮತ್ತು ಟ್ಯಾನನ್‌ಬಾಮ್ ಎಂಬ ಅಮೆರಿಕದ ವೈದ್ಯರಿಂದ. ನನ್ನನ್ನು ಕೇಳಿದರೆ ಆ ಹೆಸರೇ ಅರ್ಧ ಅನರ್ಥಕ್ಕೆ ಕಾರಣ. ನೋಡಲು ಉರಿಯೂತ, ಒಳಗೆ ಸೋಂಕೂ ಇಲ್ಲ, ಕೀವೂ ಇಲ್ಲ. ನಡೆಯುವುದಿಷ್ಟು: ಕ್ಯಾನ್ಸರ್ ಕಣಗಳು ಗುಂಪುಗುಂಪಾಗಿ ಚರ್ಮದ ದುಗ್ಧರಸ ನಾಳಗಳನ್ನು ಹೊಕ್ಕು ಅಡೈಸಿಕೊಳ್ಳುತ್ತವೆ. ಗದ್ದೆಯ ತೂಬಿಗೆ ಕಸ ಸಿಕ್ಕಿದರೆ ನೀರು ಹರಿಯದೆ ನಿಲ್ಲುವಂತೆ, ಹರಿಯಬೇಕಾದ ರಸ ಅಲ್ಲಿಯೇ ನಿಂತು ಚರ್ಮ ಉಬ್ಬುತ್ತದೆ. ಉಬ್ಬಿದ ಚರ್ಮದಲ್ಲಿ ರೋಮಕೂಪಗಳು ಮಾತ್ರ ತಗ್ಗಾಗಿ ಉಳಿದು, ಕಿತ್ತಳೆಯ ಸಿಪ್ಪೆಯಂತೆ ಕಾಣುತ್ತದೆ. ಪಾಶ್ಚಾತ್ಯ ಗ್ರಂಥಗಳು ‘ಕೆಂಪು’ ಎಂದು ಬರೆಯುತ್ತವೆ. ನಮ್ಮ ಮೈಬಣ್ಣದಲ್ಲಿ ಅದು ಕೆಂಪಾಗಿಯೇ ಕಾಣಬೇಕೆಂದಿಲ್ಲ. ತಾಮ್ರದ ಛಾಯೆ, ನೇರಳೆ, ಅಥವಾ ಬರಿದೆ ಹೆಚ್ಚು ಕಪ್ಪಾಗಿ ಕಾಣಬಹುದು. ಅನೇಕರಲ್ಲಿ ಕೈಗೆ ಸಿಗುವ ಗಂಟೇ ಇರುವುದಿಲ್ಲ. ‘ಗಂಟು ಇದೆಯೇ ನೋಡಿಕೊಳ್ಳಿ’ ಎಂದು ದಶಕಗಳಿಂದ ನಾವು ವೈದ್ಯರು ಭಾಷಣ ಮಾಡುತ್ತ ಬಂದಿದ್ದೇವಲ್ಲ, ಅದೇ ಭಾಷಣ ಇಲ್ಲಿ ದಾರಿ ತಪ್ಪಿಸುತ್ತದೆ.

ಅಮೆರಿಕದ ಲೆಕ್ಕದಲ್ಲಿ ಎಲ್ಲ ಸ್ತನ ಕ್ಯಾನ್ಸರುಗಳ ಪೈಕಿ ಇದು ಶೇಕಡಾ 1ರಿಂದ 5. ಟ್ಯುನೀಸಿಯಾ, ಈಜಿಪ್ಟಿನಂಥ ಉತ್ತರ ಆಫ್ರಿಕದ ದೇಶಗಳಲ್ಲಿ ಹೆಚ್ಚು. ಸಂಖ್ಯೆ ಚಿಕ್ಕದು, ವೇಗ ಮಾತ್ರ ಭಯಂಕರ. ದಿನಗಳಲ್ಲಿ, ವಾರಗಳಲ್ಲಿ ಬೆಳೆಯುತ್ತದೆ. ಆದುದರಿಂದಲೇ ಹೋದ ವರ್ಷದ ತಪಾಸಣೆಯಲ್ಲಿ ಮ್ಯಾಮೋಗ್ರಾಮ್ ಸರಿಯಾಗಿತ್ತು ಎಂಬುದು ಈ ವರ್ಷಕ್ಕೆ ಅಭಯವಲ್ಲ.

ಹಾಗಾದರೆ ಯಂತ್ರಗಳು ಏನು ಮಾಡುತ್ತವೆ?

ಮೊದಲು ಮ್ಯಾಮೋಗ್ರಫಿ. ರಂಟ್‌ಗೆನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್, ಕತ್ತರಿಸಿ ತೆಗೆದ ಸಾವಿರಾರು ಸ್ತನಗಳ ಚಿತ್ರ ತೆಗೆದು ಕ್ಯಾನ್ಸರ್ ಅದರಲ್ಲಿ ಹೇಗೆ ಕಾಣುತ್ತದೆಂದು ಅಭ್ಯಸಿಸಿದ. ಜೀವಂತ ಹೆಂಗಸಿಗೆ ಅದು ನಿತ್ಯದ ಪರೀಕ್ಷೆಯಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಎರಡು ಫಲಕಗಳ ನಡುವೆ ಸ್ತನವನ್ನು ಒತ್ತಿ ಚಿತ್ರ ತೆಗೆಯುತ್ತಾರೆ. ಊದಿ ಉರಿಯುತ್ತಿರುವ ಸ್ತನವನ್ನು ಒತ್ತುವುದೆಂದರೆ ನೋವು. ಸರಿಯಾಗಿ ಒತ್ತಲಾಗದಿದ್ದರೆ ಚಿತ್ರವೂ ಮಸುಕು. ಸಾಮಾನ್ಯವಾಗಿ ಎರಡು ಮಿಲಿಮೀಟರಿನಷ್ಟು ತೆಳ್ಳಗಿರುವ ಚರ್ಮ ಇಲ್ಲಿ ದಪ್ಪನೆಯ ಬಿಳಿ ಅಂಚಿನಂತೆ ಕಾಣುತ್ತದೆ. ಒಳಗಿನ ಜಾಲರಿ ಒರಟಾಗಿ, ಇಡೀ ಸ್ತನ ಬೆಳ್ಳಗಾಗಿರುತ್ತದೆ. ಗಡ್ಡೆ ಇದ್ದರೂ ಆ ಬಿಳುಪಿನಲ್ಲಿ ಮುಳುಗಿಹೋಗಬಹುದು. ಇನ್ನೊಂದು ಸ್ತನದ ಚಿತ್ರವನ್ನೂ ತೆಗೆಯಲೇಬೇಕು: ಹೋಲಿಕೆಗಾಗಿ, ಮತ್ತು ಅಲ್ಲಿಯೂ ರೋಗವಿರಬಹುದಾದ್ದರಿಂದ. ‘ನೋವಿರುವುದು ಬಲಗಡೆ, ಎಡಗಡೆಗೇಕೆ ದುಡ್ಡು’ ಎಂದು ಜಗಳ ತೆಗೆಯುವ ಗಂಡಂದಿರನ್ನು ನಾನು ಕಂಡಿದ್ದೇನೆ.

ಎರಡನೆಯದು ಸೋನೋಗ್ರಫಿ. ನನ್ನ ಲೆಕ್ಕದಲ್ಲಿ ಈ ಕಾಯಿಲೆಯಲ್ಲಿ ಅತ್ಯಂತ ಉಪಕಾರಿ ಇದೇ. ಇದರಲ್ಲಿ ಕ್ಷ-ಕಿರಣವಿಲ್ಲ, ಶಬ್ದದ ಅಲೆ ಮಾತ್ರ. ಬಸುರಿಗೂ ಬಾಣಂತಿಗೂ ಬಾಧಕವಿಲ್ಲ. ಕೀವು ಇದೆಯೋ ಇಲ್ಲವೋ ಎಂಬುದನ್ನು ಖಚಿತವಾಗಿ ಹೇಳುತ್ತದೆ. ಮ್ಯಾಮೋಗ್ರಾಮಿನಲ್ಲಿ ಮುಳುಗಿದ್ದ ಗಡ್ಡೆಯನ್ನು ಎಷ್ಟೋ ಬಾರಿ ಎತ್ತಿ ತೋರಿಸುತ್ತದೆ. ಕಂಕುಳು, ಕೊರಳೆಲುಬಿನ ಮೇಲೆ ಮತ್ತು ಕೆಳಗೆ, ಎದೆಮೂಳೆಯ ಪಕ್ಕ, ಇಷ್ಟು ಕಡೆಯ ಗ್ರಂಥಿಗಳನ್ನು ಹುಡುಕಬಹುದು. ಕಣ್ಣಮುಂದೆಯೇ ಸೂಜಿಯನ್ನು ಸರಿಯಾದ ಜಾಗಕ್ಕೆ ನಡೆಸಬಹುದು. ನಾನು 1998ರಲ್ಲಿ ಬಳಸಿದ ಯಂತ್ರದಲ್ಲಿಯೂ ಇವುಗಳಲ್ಲಿ ಹೆಚ್ಚಿನವು ಸಾಧ್ಯವಿದ್ದವು, ಕೊರತೆ ಯಂತ್ರದ್ದಾಗಿರಲಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಆ ತಾಯಿ ಮೇಜಿನ ಮೇಲೆ ಮಲಗುವ ಮೊದಲು, “ಈ ಪ್ರಾಯದಲ್ಲಿ ನನಗ್ಯಾಕೆ ಇದು?” ಎಂದು ನಾಚಿಕೊಂಡಿದ್ದಳು. ನಮ್ಮ ಜನರಿಗೆ ಸೋನೋಗ್ರಫಿ ಎಂದರೆ ಬಸುರು. ಅದಕ್ಕಿಂತ ಕೆಟ್ಟದಾಗಿ, ಹೆಣ್ಣುಭ್ರೂಣದ ಪತ್ತೆ. ಮಹಾರಾಷ್ಟ್ರ 1988ರಲ್ಲಿ, ಕೇಂದ್ರ ಸರಕಾರ 1994ರಲ್ಲಿ ಅದರ ವಿರುದ್ಧ ಕಾನೂನು ಮಾಡಬೇಕಾಯಿತು. ಹೆಣ್ಣನ್ನು ಹುಟ್ಟುವ ಮೊದಲೇ ಕೊನೆಗಾಣಿಸಲು ಯಾವ ಯಂತ್ರದ ಮುಂದೆ ಸಾಲುಗಟ್ಟಿ ನಿಂತೆವೋ, ಹುಟ್ಟಿ ಬೆಳೆದು ಮನೆಗಾಗಿ ದುಡಿದ ಹೆಣ್ಣಿನ ಪ್ರಾಣ ಉಳಿಸಲು ಅದೇ ಯಂತ್ರದ ಬಳಿ ಕರೆದೊಯ್ಯಲು ಹಿಂಜರಿಯುತ್ತೇವೆ.

ಮೊದಲಿನ ಎರಡರಲ್ಲಿಯೂ ಸ್ತನದೊಳಗೆ ಗುರಿ ಸಿಗದಿದ್ದರೆ ಎಂ.ಆರ್.ಐ. ಬೋರಲಾಗಿ ಮಲಗಿಸಿ, ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆಯುವ ಈ ಚಿತ್ರ ಅಡಗಿರುವ ಗಡ್ಡೆಯನ್ನು ತೋರಿಸುವುದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮ, ಬೆಲೆಯೂ ಹಾಗೆಯೇ. ಪ್ರತಿಯೊಬ್ಬರಿಗೂ ಅದು ಬೇಕೆಂದಿಲ್ಲ. ಪೆಟ್-ಸಿ.ಟಿ. ಎಂಬುದು ಬೇರೆ ಕೆಲಸದ್ದು. ವಿಕಿರಣ ಸೂಸುವ ಸಕ್ಕರೆಯಂಥ ದ್ರವ್ಯವನ್ನು ಮೈಗೆ ಕೊಟ್ಟು, ಅದನ್ನು ಹೆಚ್ಚಾಗಿ ಹೀರುವ ಜಾಗಗಳನ್ನು ಹುಡುಕುವುದು. ಎಲುಬು, ಯಕೃತ್ತು, ಶ್ವಾಸಕೋಶ, ದೂರದ ಗ್ರಂಥಿಗಳಿಗೆ ರೋಗ ಹಬ್ಬಿದೆಯೇ ಎಂದು ತಿಳಿಯಲು. ಪತ್ತೆಯಾಗುವ ವೇಳೆಗೇ ಸುಮಾರು ಮೂರನೆಯ ಒಂದು ಪಾಲು ರೋಗಿಗಳಲ್ಲಿ ಅದು ದೂರಕ್ಕೆ ಹೋಗಿರುತ್ತದಾದ್ದರಿಂದ ಈ ಹುಡುಕಾಟ ಅಲಂಕಾರಕ್ಕಲ್ಲ. ಆ ತಾಯಿಯ ಕಾಲದಲ್ಲಿ ನಾವು ಎದೆಯ ಎಕ್ಸ್-ರೇ, ಯಕೃತ್ತಿನ ಸೋನೋಗ್ರಫಿ, ಎಲುಬಿನ ಸ್ಕ್ಯಾನು ಇಷ್ಟರಿಂದ ತೃಪ್ತರಾಗಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವೃತ್ತಿಗೆ ಅಷ್ಟೇನೂ ಗೌರವ ತರದ ಒಂದು ಸತ್ಯವನ್ನು ಹೇಳಬೇಕು. ಇವುಗಳಲ್ಲಿ ಯಾವ ಚಿತ್ರವೂ ರೋಗಕ್ಕೆ ಹೆಸರಿಡಲಾರದು. ಚರ್ಮ ದಪ್ಪವಾಗುವುದು, ಸ್ತನ ಬೆಳ್ಳಗಾಗುವುದು, ಕಂಕುಳ ಗ್ರಂಥಿ ಊದುವುದು, ಇವು ನಿಜವಾದ ಸೋಂಕಿನಲ್ಲಿಯೂ ಉಂಟು. ಹೃದಯ ಸೋತಾಗ, ಮೂತ್ರಪಿಂಡ ಕೆಟ್ಟಾಗ ಮೈಯಲ್ಲಿ ನೀರು ತುಂಬಿ ಹೀಗೆಯೇ ಕಾಣುವುದುಂಟು. ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಅದು ಸ್ತನದಲ್ಲಿಯೂ ಬರುತ್ತದೆ, ಕಂಕುಳ ಗ್ರಂಥಿಗಳಲ್ಲಿಯೂ ಬರುತ್ತದೆ. ಆದ್ದರಿಂದ 2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಈ ರೋಗನಿರ್ಣಯವನ್ನು ಕಣ್ಣು, ಕೈ, ಕಿವಿಗಳಿಗೇ ಒಪ್ಪಿಸಿದೆ: ಊತ, ಬಣ್ಣದ ಬದಲಾವಣೆ, ಕಿತ್ತಳೆ ಸಿಪ್ಪೆಯ ಚರ್ಮ ಅಥವಾ ಬಿಸಿ ತಟ್ಟನೆ ಆರಂಭವಾಗಿರಬೇಕು, ಶುರುವಾಗಿ ಆರು ತಿಂಗಳು ಮೀರಿರಬಾರದು, ಬಣ್ಣದ ಬದಲಾವಣೆ ಸ್ತನದ ಮೂರನೆಯ ಒಂದು ಭಾಗವನ್ನಾದರೂ ಆವರಿಸಿರಬೇಕು, ಸೂಜಿಯಿಂದ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಸಿದ್ಧವಾಗಬೇಕು. ಚರ್ಮದ ಒಂದು ಚಿಕ್ಕ ತುಣುಕನ್ನೂ ತೆಗೆದು ನೋಡುವುದು ವಾಡಿಕೆ. ಅದರ ದುಗ್ಧರಸ ನಾಳಗಳಲ್ಲಿ ಕ್ಯಾನ್ಸರ್ ಕಣ ಸಿಕ್ಕಿದರೆ ಸಂಶಯಕ್ಕೆಡೆಯಿಲ್ಲ, ಸಿಗದಿದ್ದರೆ ರೋಗವಿಲ್ಲವೆಂದಲ್ಲ.

ಚಿತ್ರದ ಪಾತ್ರ ಎಲ್ಲಿ ಸೂಜಿ ಹಾಕಬೇಕೆಂದು ತೋರಿಸುವುದು, ರೋಗ ಎಲ್ಲಿಯವರೆಗೆ ಹಬ್ಬಿದೆಯೆಂದು ಅಳೆಯುವುದು, ಚಿಕಿತ್ಸೆಗೆ ಅದು ಮಣಿಯುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವುದು. ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ‘ಕೀವಿದೆಯೇ’ ಎಂದರೆ ‘ಇಲ್ಲ’ ಎನ್ನುತ್ತದೆ. ಆ ‘ಇಲ್ಲ’ವನ್ನು ಮನೆಯವರು ‘ಏನೂ ಇಲ್ಲ’ ಎಂದು ಕೇಳಿಸಿಕೊಳ್ಳುತ್ತಾರೆ.

ಆ ಒಮ್ಮತದ ಹೇಳಿಕೆಯಲ್ಲಿ ನನಗೆ ಬಹಳ ಹಿಡಿಸಿದ ಅಂಶಗಳು ಎರಡು. ಎರಡಕ್ಕೂ ದೊಡ್ಡ ಯಂತ್ರ ಬೇಡ. ಒಂದು, ಬಾವೆಂದು ಜೀವಿರೋಧಕ ಕೊಟ್ಟು ಒಂದು ವಾರವಾದರೂ ಇಳಿಯದಿದ್ದರೆ ಈ ಕ್ಯಾನ್ಸರಿನ ಶಂಕೆ ಮೂಡಬೇಕು. ಎರಡನೆಯ ಸುತ್ತು, ಮೂರನೆಯ ಸುತ್ತು ಎಂದು ತಳ್ಳಬಾರದು. ಇನ್ನೊಂದು, ಆರಂಭದಲ್ಲಿಯೇ ಚರ್ಮದ ಛಾಯಾಚಿತ್ರ ತೆಗೆದಿಡಬೇಕು. ವೈದ್ಯಕೀಯ ಚಿತ್ರಗಳಲ್ಲಿ ಇದಕ್ಕಿಂತ ಅಗ್ಗದ್ದಿಲ್ಲ. ಇಂದು ಪ್ರತಿ ಮನೆಯಲ್ಲಿಯೂ ಕ್ಯಾಮೆರಾ ಇರುವ ಫೋನಿದೆ. ತನ್ನದೇ ಫೋನಿನಲ್ಲಿ ತಾನೇ ತೆಗೆದುಕೊಂಡ, ನಾಲ್ಕು ದಿನಗಳ ಅಂತರದ ಎರಡು ಚಿತ್ರಗಳನ್ನು ವೈದ್ಯೆಗೆ ತೋರಿಸಿದರೆ ‘ಎಷ್ಟು ಬೇಗ ಬೆಳೆಯಿತು’ ಎಂಬ ಪ್ರಶ್ನೆಗೆ ಯಾವ ಭಾಷೆಯೂ ಬೇಕಾಗದು. ಇದನ್ನು ಹೇಳಿದಾಗ ಕೆಲವರು ಮುಖ ಕಿವಿಚಿದ್ದುಂಟು. ಮರ್ಯಾದೆಯ ಆತಂಕ ನನಗೆ ಅರ್ಥವಾಗುತ್ತದೆ. ತೋರಿಸಿದ ಮೇಲೆ ಅಳಿಸಿಹಾಕಿ.

ಊರಿನ ಮದ್ದುಗಳನ್ನು ನಾನು ಹೀಗಳೆಯುವವಳಲ್ಲ. ಬಾಣಂತಿಯ ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಹೂ ಕಟ್ಟುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. ಆದರೆ ಬಾಣಂತಿಯಲ್ಲದವಳಿಗೆ ‘ಹಾಲು ಕಟ್ಟಿದೆ’ ಎಂದು ಹೂವು, ಅರಿಸಿನ, ಬಿಸಿ ಶಾಖ ಎಂದು ವಾರಗಳನ್ನು ಕಳೆಯುವುದು ಬೇರೆ. ನಮ್ಮ ದನಕರುಗಳ ಕೆಚ್ಚಲು ಬಾವನ್ನು ಗೌಳಿಗರು ಒಂದೇ ದಿನದಲ್ಲಿ ಗುರುತಿಸುತ್ತಾರೆ, ಹಾಲಿನ ನಷ್ಟವಲ್ಲವೇ. ಬಾಣಂತಿಯರೂ ಎಚ್ಚರ ತಪ್ಪುವಂತಿಲ್ಲ. ಅವರಿಗೆ ಬರುವುದು ಬಹುಪಾಲು ಸಾದಾ ಸೋಂಕೇ. ಆದರೂ ಔಷಧಿಗೆ ಇಳಿಯದಿದ್ದರೆ ಅವರಿಗೂ ಅದೇ ಒಂದು ವಾರದ ನಿಯಮ.

ಚಿಕಿತ್ಸೆಯ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ‘ಮೊದಲು ಕೊಯ್ದು ತೆಗೆಸಿಬಿಡಿ’ ಎಂಬ ಒತ್ತಾಯ ಮನೆಯವರಿಂದಲೇ ಬರುತ್ತದೆ. ಈ ಕಾಯಿಲೆಯಲ್ಲಿ ಮೊದಲು ಕಿಮೊಥೆರಪಿ, ಅನಂತರ ಶಸ್ತ್ರಚಿಕಿತ್ಸೆ, ಬಳಿಕ ವಿಕಿರಣ. ಕತ್ತಿಯೊಂದರಿಂದಲೇ ಇದು ಗುಣವಾಗದೆಂಬುದು ಕಳೆದ ಶತಮಾನದ ಮಧ್ಯಭಾಗಕ್ಕೇ ಸ್ಪಷ್ಟವಾಗಿತ್ತು. ಆ ಕಾಲದಲ್ಲಿ ಐದು ವರ್ಷ ಬದುಕಿದವರು ಅತಿ ವಿರಳ. ಇಂದು ಅಮೆರಿಕದ ಅಂಕಿಗಳಲ್ಲಿ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 40. ಬಾವೆಂದು ಭಾವಿಸಿ ಕೊಯ್ದು ಕೀವು ಹುಡುಕುವುದಂತೂ ಕೂಡದು. ಗಾಯ ಮಾಯದೆ ನಿಜವಾದ ಚಿಕಿತ್ಸೆಯೂ ತಡವಾಗುತ್ತದೆ.

ಆ ತಾಯಿ ಪೂರ್ತಿ ಚಿಕಿತ್ಸೆ ಪಡೆದಳು. ಊರಿಗೆ ಮರಳಿ ಎರಡು ಮಳೆಗಾಲ ಕಂಡಳೆಂದು ಮಗ ಬಂದು ಹೇಳಿದ. ನಾನು ಕಳೆದ ಆ ಆರು ವಾರಗಳು ಉಳಿದಿದ್ದರೆ ಮೂರನೆಯ ಮಳೆಗಾಲವನ್ನೂ ಕಾಣುತ್ತಿದ್ದಳೋ ಏನೋ, ನಾನು ಹೇಳಲಾರೆ. ಅಂದಿನಿಂದ ಮಾತ್ರ, ಚೀಟಿಯಲ್ಲಿ ಏನೇ ಬರೆದಿರಲಿ, ಹಿಡಿಯನ್ನು ಕಂಕುಳಿಗೆ ಒಯ್ಯದೆ ನಾನು ಒಬ್ಬರನ್ನೂ ಮೇಜಿನಿಂದ ಎಬ್ಬಿಸಿಲ್ಲ.

ಇನ್ನು ಸಂಘಕ್ಕೆ ಸಂಬಂಧಿಸಿದ್ದು. 1941ರಿಂದ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ಕರ್ನಾಟಕದಿಂದ ಬರುವವರು ಅಲ್ಲಿ ಇಂದಿಗೂ ಅನೇಕರಿದ್ದಾರೆ. ಊರಿನಿಂದ ಬಂದ ತಾಯಂದಿರು, ಅತ್ತೆಯರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು ವೈದ್ಯರ ಮುಂದೆ ಮಗನ ಬಾಯಿಂದ, ಗಂಡನ ಬಾಯಿಂದ ಮಾತಾಡುತ್ತಾರೆ. ಕನ್ನಡ ಮತ್ತು ಇಲ್ಲಿಯ ಭಾಷೆ ಎರಡೂ ಬಲ್ಲ ಹೆಂಗಸರು ಈ ಸಭೆಯಲ್ಲಿಯೇ ನೂರು ಜನರಿದ್ದೀರಿ. ರೋಗಿಯ ಜೊತೆ ಒಳಗೆ ಹೋಗಿ, ‘ಎದೆ ಎಂದರೆ ಯಾವ ಎದೆ’ ಎಂದು ಆಕೆಯ ಕಿವಿಯಲ್ಲಿ ಕೇಳಿ, ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳುವವರು ಬೇಕು. ಎಷ್ಟು ದಿನವಾಯಿತು, ಜ್ವರ ಬಂದಿತ್ತೇ, ಯಾವ ಔಷಧಿ ಎಷ್ಟು ದಿನ, ಈ ಮೂರನ್ನು ಕಾಗದದಲ್ಲಿ ಬರೆದು ಒಯ್ಯಬೇಕು. ಹಳೆಯ ಫಿಲ್ಮು, ಸಿ.ಡಿ., ವರದಿಗಳನ್ನು ಜೊತೆಗಿಟ್ಟುಕೊಳ್ಳಬೇಕು. ಊರಿಗೆ ಹೋಗಿ ಚಿಕಿತ್ಸೆ ಮುಂದುವರಿಸುವವರಂತೂ ಅವನ್ನು ಇಲ್ಲಿಯ ಕಪಾಟಿನಲ್ಲಿ ಮರೆತು ಹೋಗಬಾರದು.

ಕಾರ್ಯದರ್ಶಿಯವರು ಒಪ್ಪಿದ್ದಾರೆ, ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ವಾರದಲ್ಲಿ ಒಂದು ಮುಂಜಾನೆಯನ್ನು ಇದಕ್ಕಾಗಿ ಕೊಡಬಲ್ಲವರು ಹೆಸರು, ವಾಸಸ್ಥಳ, ತಿಳಿದ ಭಾಷೆಗಳನ್ನು ಬರೆಯಿರಿ. ತುಳು, ಕೊಂಕಣಿ, ಉರ್ದು ಬಲ್ಲವರು ಅವಶ್ಯ ಬರೆಯಿರಿ. ಸಭೆಯಲ್ಲಿ ಕೇಳಲು ಸಂಕೋಚವಾಗುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಕು, ಹೆಸರು ಬೇಡ. ಚಹದ ಅನಂತರ ನಾನು ಪಕ್ಕದ ಕೋಣೆಯಲ್ಲಿ ಒಂದು ಗಂಟೆ ಕುಳಿತಿರುತ್ತೇನೆ.